ಜಾಲದಿಂದ ಬೇರ್ಪಟ್ಟ ಗಣಕಯಂತ್ರ

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿರುವ ಬಸವಸಾಗರ ಜಲಾಶಯದಿಂದ ಎಡದಂಡೆಯ ಕಾಲುವೆಯೊಂದು ಹೊರಡುತ್ತದೆ. ಮುಖ್ಯ ಕಾಲುವೆಯ ಉದ್ದ ಸುಮಾರು 78 ಕಿಲೋಮೀಟರು. ಅದು ಶಹಾಪುರ, ಜೇವರ್ಗಿ, ಇಂಡಿ ಮೊದಲಾದ ಶಾಖೆಗಳಾಗಿ ಕವಲೊಡೆದು, ಮತ್ತೆ ವಿತರಣಾ ಕಾಲುವೆಗಳಾಗಿ, ಹೊಲಗಾಲುವೆಗಳಾಗಿ ಹರಡಿಕೊಳ್ಳುತ್ತದೆ. ಈ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣದ ಕಾರ್ಯವು ಸುಮಾರು 4,700 ಕೋಟಿ ರೂಪಾಯಿಗಳ ವೆಚ್ಚದಲ್ಲಿ ನಡೆದು, 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಅದರ ಉದ್ಘಾಟನೆಯಾಯಿತು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್ಸ್, ಎಂದರೆ ಸೆಕೆಂಡಿಗೆ ಸುಮಾರು 2 ಲಕ್ಷ 83 ಸಾವಿರ ಲೀಟರು ನೀರು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಗ್ರಾಮಗಳ ನಾಲ್ಕೂವರೆ ಲಕ್ಷ ಹೆಕ್ಟೇರು ಭೂಮಿ ಇದರ ಅಚ್ಚುಕಟ್ಟಿನಲ್ಲಿದೆ.

ಇಷ್ಟು ದೊಡ್ಡ ಕಾಲುವೆಯ ದ್ವಾರಗಳನ್ನು ಕೈಯಿಂದ ತಿರುಗಿಸಿ ತೆರೆದು ಮುಚ್ಚುವುದು ಕಷ್ಟದ ಕೆಲಸ. ಆದುದರಿಂದ ನೀರಿನ ಮಟ್ಟವನ್ನು ಅಳೆದು, ದ್ವಾರಗಳನ್ನು ದೂರದಿಂದಲೇ ಏರಿಸಿ ಇಳಿಸುವ ‘ಸ್ಕಾಡಾ’ ಎಂಬ ಗಣಕೀಕೃತ ವ್ಯವಸ್ಥೆಯನ್ನು ಇಲ್ಲಿ ಅಳವಡಿಸಲಾಗಿದೆ. ಕಾಲುವೆಯ ಮೇಲ್ಭಾಗದವರಿಗೆ ನೀರು ಹೆಚ್ಚಾಗಿ ಸಿಕ್ಕಿ, ಕೊನೆಯ ಭಾಗದವರ ಹೊಲ ಒಣಗುವ ಹಳೆಯ ಸಂಕಟವನ್ನು ತಪ್ಪಿಸುವುದೇ ಇದರ ಉದ್ದೇಶ. ಕಾಲುವೆಯ ನೀರು ಸೆಕೆಂಡಿಗೆ 1 ಮೀಟರು ವೇಗದಲ್ಲಿ ಹರಿಯುತ್ತದೆಂದು ಇಟ್ಟುಕೊಂಡರೆ, 78 ಕಿಲೋಮೀಟರು ಸಾಗಲು ಅದಕ್ಕೆ 21 ಗಂಟೆಗಳಿಗಿಂತ ಹೆಚ್ಚು ಕಾಲ ಬೇಕು. ತಲೆಯಲ್ಲಿ ಇಂದು ಮಾಡಿದ ತಪ್ಪು ಬಾಲದಲ್ಲಿ ಕಾಣುವುದು ನಾಳೆ. ಆಗ ಅದನ್ನು ತಿದ್ದಹೊರಟರೆ ಇನ್ನೊಂದು ದಿನ ಕಳೆಯುತ್ತದೆ. ಹೀಗಿರಲು ನೀರಿನ ಲೆಕ್ಕವನ್ನು ತೋರಿಸುವ ಗಣಕಯಂತ್ರ ಕೈಕೊಟ್ಟಿತೆಂದರೆ ಅದು ಕೇವಲ ಯಂತ್ರದ ತೊಂದರೆಯಲ್ಲ. ಭತ್ತದ ತೆನೆ ಹಾಲುಗಟ್ಟುವ ಹೊತ್ತಿನಲ್ಲಿ ಅದು ಒಂದು ಕುಟುಂಬದ ವರ್ಷದ ದುಡಿಮೆಯ ಪ್ರಶ್ನೆ.

ಇಂಥ ಯಂತ್ರಗಳ ಬಗೆಗೆ ಒಂದು ವಿಚಿತ್ರವಾದ ಸಂಗತಿಯುಂಟು. ಜಗತ್ತಿನ ಗಣಕಗಳೆಲ್ಲವೂ ಅಂತರಜಾಲಕ್ಕೆ ಸೇರಲು ಹವಣಿಸುತ್ತಿದ್ದರೆ, ಇವುಗಳನ್ನು ಬೇಕೆಂದೇ ಅದರಿಂದ ದೂರವಿಡಬೇಕೆಂಬುದು ತಜ್ಞರು ಸಾಮಾನ್ಯವಾಗಿ ಹೇಳುವ ನಿಯಮ. ಹೀಗೆ ಒಂಟಿಯಾಗಿ ನಿಂತ ಯಂತ್ರದಲ್ಲಿ ಹೊಸ ತಂತ್ರಾಂಶವೊಂದನ್ನು ಸ್ಥಾಪಿಸಹೊರಟರೆ ಏನೇನು ವಿಘ್ನಗಳು ಒದಗುತ್ತವೆ, ಅವುಗಳನ್ನು ಹೇಗೆ ಪತ್ತೆಮಾಡಿ ನಿವಾರಿಸಬಹುದು ಎಂಬುದೇ ಈ ಲೇಖನದ ವಿಷಯ.

ಏಕೆ ಬೇರ್ಪಡಿಸಬೇಕು?

2000ನೆಯ ಇಸವಿಯಲ್ಲಿ ಆಸ್ಟ್ರೇಲಿಯದ ಮರೂಚಿ ಎಂಬ ಪ್ರದೇಶದಲ್ಲಿ ಒಂದು ಘಟನೆ ನಡೆಯಿತು. ಚರಂಡಿ ನೀರಿನ ಪಂಪುಗಳನ್ನು ರೇಡಿಯೋ ಮೂಲಕ ನಿಯಂತ್ರಿಸುವ ವ್ಯವಸ್ಥೆ ಅಲ್ಲಿತ್ತು. ಅದನ್ನು ಸ್ಥಾಪಿಸಿದ ಸಂಸ್ಥೆಯಲ್ಲಿ ಹಿಂದೆ ಕೆಲಸಮಾಡಿದ್ದವನೊಬ್ಬನು ಒಂದು ಗಣಕ ಮತ್ತು ರೇಡಿಯೋ ಸಲಕರಣೆಯನ್ನು ಇಟ್ಟುಕೊಂಡು ಪಂಪುಗಳಿಗೆ ಸುಳ್ಳು ಆಜ್ಞೆಗಳನ್ನು ಕಳುಹಿಸಿದನು. ಪರಿಣಾಮವಾಗಿ ಸುಮಾರು 8 ಲಕ್ಷ ಲೀಟರು ಹೊಲಸು ನೀರು ಹಳ್ಳಗಳಿಗೂ ಉದ್ಯಾನಗಳಿಗೂ ಹರಿಯಿತು. ನೀರಿನ ವ್ಯವಸ್ಥೆಗೆ ಹೊರಗಿನವರು ಕೈಹಾಕಲು ದಾರಿಯಿದ್ದರೆ ಏನಾಗುತ್ತದೆಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಬೇರ್ಪಡಿಸಿದ ಮಾತ್ರಕ್ಕೆ ಅಪಾಯವೆಲ್ಲ ತೊಲಗಿತೆಂದೂ ಭಾವಿಸಬಾರದು. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಎಂಬ ದುಷ್ಟ ತಂತ್ರಾಂಶವು ಪೆನ್‌ಡ್ರೈವ್‌ಗಳ ಮೂಲಕ ಹರಡಬಲ್ಲದ್ದಾಗಿತ್ತು. ಇರಾನಿನ ನತಾಂಜ್ ಯುರೇನಿಯಂ ಕೇಂದ್ರದ ಯಂತ್ರಗಳು ಅದರ ಗುರಿಯಾಗಿದ್ದವು. ಆದರೂ ಬೇಲಿಯ ಉಪಯೋಗ ಅಲ್ಪವಲ್ಲ. 2019ರಲ್ಲಿ ನಮ್ಮ ದೇಶದ ಕೂಡಂಕುಳಂ ಪರಮಾಣು ವಿದ್ಯುತ್ ಕೇಂದ್ರದ ಆಡಳಿತ ಕಾರ್ಯಕ್ಕಾಗಿ ಅಂತರಜಾಲಕ್ಕೆ ಸೇರಿದ್ದ ಒಂದು ಗಣಕದಲ್ಲಿ ದುಷ್ಟ ತಂತ್ರಾಂಶ ಕಂಡುಬಂದಿತು. ಆ ಗಣಕವು ಮುಖ್ಯವಾದ ಒಳಜಾಲದಿಂದ ಪ್ರತ್ಯೇಕವಾಗಿತ್ತೆಂದೂ, ಸ್ಥಾವರದ ನಿಯಂತ್ರಣ ವ್ಯವಸ್ಥೆಗೆ ಬಾಧೆಯಾಗಲಿಲ್ಲವೆಂದೂ ಪರಮಾಣು ವಿದ್ಯುತ್ ನಿಗಮವು ತಿಳಿಸಿತು.

ವೆಬ್ ಬೇರೆ, ಅಂತರಜಾಲ ಬೇರೆ

ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬಹುದು. ಅಂತರಜಾಲವೇ ಇಲ್ಲದಲ್ಲಿ ವೆಬ್ ತಂತ್ರಾಂಶಕ್ಕೆ ಏನು ಕೆಲಸ? ಈ ಎರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ನಮಗೆ ರೂಢಿಯಾಗಿದೆ. ಯಥಾರ್ಥವಾಗಿ ಅವು ಬೇರೆ ಬೇರೆ. ಅಂತರಜಾಲವು ಗಣಕಗಳನ್ನು ಜೋಡಿಸುವ ದಾರಿ. ವೆಬ್ ಎಂಬುದು ಆ ದಾರಿಯಲ್ಲಿ ನಡೆಯುವ ಒಂದು ಬಗೆಯ ವ್ಯವಹಾರ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಅದನ್ನು ಯೋಜಿಸಿದರು. ಬ್ರೌಸರ್ ಒಂದು ಪುಟವನ್ನು ಕೇಳುತ್ತದೆ, ಸರ್ವರ್ ಆ ಪುಟವನ್ನು ಕೊಡುತ್ತದೆ. ಈ ಕೊಡುಕೊಳ್ಳುವಿಕೆಗೆ ಎರಡು ಗಣಕಗಳೂ ನಡುವೆ ಒಂದು ತಂತಿಯೂ ಇದ್ದರೆ ಸಾಕು. ಹೊರಜಗತ್ತಿನ ನಂಟು ಬೇಕಿಲ್ಲ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ತಂತ್ರಜ್ಞನೊಬ್ಬನು ಯಾವುದೋ ಒಂದು ಕಾಲುವೆಯ ದ್ವಾರಗಳ ಸ್ಥಿತಿಯನ್ನೂ ನೀರಿನ ಮಟ್ಟವನ್ನೂ ತೋರಿಸುವ ವೆಬ್ ತಂತ್ರಾಂಶವನ್ನು ಬರೆದಿದ್ದಾನೆ. ಅವನ ಯಂತ್ರದಲ್ಲಿ ಅದು ಸೊಗಸಾಗಿ ನಡೆಯುತ್ತಿದೆ. ಪೆನ್‌ಡ್ರೈವ್‌ನಲ್ಲಿ ಅದನ್ನು ತುಂಬಿಕೊಂಡು ರಾತ್ರಿಯ ರೈಲಿನಲ್ಲಿ ಯಾದಗಿರಿಗೆ ಬಂದು, ನಿಯಂತ್ರಣ ಕೊಠಡಿಯ ಸರ್ವರ್‌ನಲ್ಲಿ ಸ್ಥಾಪಿಸುತ್ತಾನೆ. ತಂತ್ರಾಂಶ ಏಳುವುದಿಲ್ಲ. ಎದ್ದರೂ ಪುಟ ಕಾಣುವುದಿಲ್ಲ. ಪುಟ ಕಂಡರೂ ಅಕ್ಷರ ಕಾಣುವುದಿಲ್ಲ. ಇದಕ್ಕೆ ಕಾರಣವೇನು?

ಬುತ್ತಿಯಲ್ಲಿ ಮರೆತ ಉಪ್ಪು

ನಮ್ಮ ಭಾಗದಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆಯ ರೊಟ್ಟಿ, ಭಜ್ಜಿ, ಚಟ್ನಿ, ಕಡುಬು ಎಲ್ಲವೂ ಇರುತ್ತವೆ. ಹೊಲದ ನಡುವೆ ಕುಳಿತ ಮೇಲೆ ಉಪ್ಪು ತಂದಿಲ್ಲವೆಂದು ತಿಳಿದರೆ ಅಂಗಡಿ ಎಲ್ಲಿಂದ ಬರಬೇಕು? ಮನೆಯಲ್ಲಿದ್ದಾಗ ಉಪ್ಪು ಕೈಗೆಟುಕುವಲ್ಲೇ ಇದ್ದುದರಿಂದ ಅದೊಂದು ಬೇರೆ ವಸ್ತುವೆಂಬ ನೆನಪೇ ಬಂದಿರಲಿಲ್ಲ.

ತಂತ್ರಾಂಶದ ಸ್ಥಿತಿಯೂ ಹೀಗೆಯೇ. ಈಗಿನ ಯಾವ ತಂತ್ರಾಂಶವನ್ನೂ ಒಬ್ಬನೇ ಮೊದಲಿನಿಂದ ಕೊನೆಯವರೆಗೆ ಬರೆಯುವುದಿಲ್ಲ. ದಿನಾಂಕವನ್ನು ಲೆಕ್ಕಹಾಕಲು ಒಂದು, ನಕ್ಷೆ ಬಿಡಿಸಲು ಮತ್ತೊಂದು, ದತ್ತಾಂಶವನ್ನು ಓದಲು ಇನ್ನೊಂದು ಎಂದು ಇತರರು ಬರೆದಿಟ್ಟ ಚಿಕ್ಕ ಚಿಕ್ಕ ತುಣುಕುಗಳನ್ನು ಬಳಸಿಕೊಳ್ಳುತ್ತಾರೆ. ಇವುಗಳಿಗೆ ಲೈಬ್ರರಿಗಳೆಂದು ಹೆಸರು. ಒಂದು ಲೈಬ್ರರಿಗೆ ಬೇರೆ ನಾಲ್ಕು ಬೇಕು, ಆ ನಾಲ್ಕಕ್ಕೆ ಮತ್ತೆ ಹತ್ತು ಬೇಕು. ಬೆಂಗಳೂರಿನಲ್ಲಿ ಸ್ಥಾಪಕ ತಂತ್ರಾಂಶವು ಅಂತರಜಾಲದಿಂದ ಇವೆಲ್ಲವನ್ನೂ ತಾನೇ ತಂದುಕೊಂಡಿತ್ತು. ಬರೆದವನಿಗೆ ಅವುಗಳ ಸಂಖ್ಯೆಯೂ ತಿಳಿದಿರಲಿಲ್ಲ. ಒಂಟಿ ಸರ್ವರ್‌ನಲ್ಲಿ ತರುವವರಿಲ್ಲ.

ಈ ಪರಾವಲಂಬನೆ ಎಷ್ಟು ಆಳವಾದುದೆಂಬುದು 2016ರ ಮಾರ್ಚ್ 22ರಂದು ಜಗತ್ತಿಗೇ ತಿಳಿಯಿತು. ಪದದ ಎಡಕ್ಕೆ ಖಾಲಿ ಸ್ಥಳವನ್ನು ತುಂಬುವ, ಕೇವಲ 11 ಸಾಲುಗಳ ‘ಲೆಫ್ಟ್-ಪ್ಯಾಡ್’ ಎಂಬ ತುಣುಕನ್ನು ಅದರ ಲೇಖಕನು ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡನು. ಕೂಡಲೆ ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ಅವಲಂಬಿಸಿದ್ದ ಅಸಂಖ್ಯ ತಂತ್ರಾಂಶಗಳ ನಿರ್ಮಾಣ ಕಾರ್ಯ ನಿಂತುಹೋಯಿತು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಇರಿಸಿದ ಮೇಲೆಯೇ ಎಲ್ಲವೂ ಸರಿಹೋಯಿತು.

ಆದಕಾರಣ ಮೊದಲ ನಿಯಮವೇನೆಂದರೆ, ಬೇಕಾದ ಲೈಬ್ರರಿಗಳೆಲ್ಲವನ್ನೂ ನಿಖರವಾದ ಆವೃತ್ತಿಯ ಸಂಖ್ಯೆಯೊಡನೆ ಪಟ್ಟಿಮಾಡಿ ಜೊತೆಯಲ್ಲೇ ಒಯ್ಯಬೇಕು. ತಂತ್ರಾಂಶವನ್ನೂ ಅದರ ಲೈಬ್ರರಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮುಚ್ಚುವ ‘ಕಂಟೈನರ್’ ಎಂಬ ವಿಧಾನ ಇದಕ್ಕೆ ಅನುಕೂಲವಾದುದು. ಆದರೆ ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ತಂತ್ರಜ್ಞನ ಲ್ಯಾಪ್‌ಟಾಪ್‌ನ ಸಂಸ್ಕಾರಕ ಒಂದು ಜಾತಿಯದು, ಸರ್ವರ್‌ನ ಸಂಸ್ಕಾರಕ ಇನ್ನೊಂದು ಜಾತಿಯದು ಆಗಿದ್ದರೆ, ಒಂದಕ್ಕಾಗಿ ಸಿದ್ಧಪಡಿಸಿದ ಪೆಟ್ಟಿಗೆ ಇನ್ನೊಂದರಲ್ಲಿ ತೆರೆಯುವುದಿಲ್ಲ. ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂಬ ಸಂದೇಶ ಬಂದರೆ ಈ ವ್ಯತ್ಯಾಸವನ್ನೇ ಮೊದಲು ಶಂಕಿಸಬೇಕು. ತಿದ್ದುವ ಬಗೆ ಸರಳ: ಸರ್ವರ್‌ನ ಜಾತಿಯನ್ನು ಹೊರಡುವ ಮೊದಲೇ ಕೇಳಿ ತಿಳಿದು, ಅದಕ್ಕಾಗಿಯೇ ಪೆಟ್ಟಿಗೆಯನ್ನು ಕಟ್ಟಬೇಕು.

ಒಯ್ದ ಕಡತಗಳು ದಾರಿಯಲ್ಲಿ ಕೆಟ್ಟಿಲ್ಲವೆಂದು ತಿಳಿಯುವುದು ಹೇಗೆ? ಇದಕ್ಕೆ ‘ಎಸ್‌ಎಚ್‌ಎ-256’ ಎಂಬ ಗಣಿತದ ಕ್ರಮವಿದೆ. ಕಡತ ಎಷ್ಟೇ ದೊಡ್ಡದಿರಲಿ, ಈ ಕ್ರಮವು ಅದರಿಂದ 64 ಅಕ್ಷರಗಳ ಒಂದು ಗುರುತನ್ನು ಹುಟ್ಟಿಸುತ್ತದೆ. ಕಡತದಲ್ಲಿ ಒಂದೇ ಒಂದು ಅಂಕ ಬದಲಾದರೂ ಗುರುತು ಪೂರ್ಣವಾಗಿ ಬೇರೆಯಾಗುತ್ತದೆ. ಹೊರಡುವಾಗಿನ ಗುರುತು, ತಲಪಿದಾಗಿನ ಗುರುತು ಎರಡೂ ಒಂದೇ ಆಗಿದ್ದರೆ ಕಡತ ಇದ್ದಂತೆಯೇ ಇದೆಯೆಂದು ತಿಳಿಯಬಹುದು.

ಬುಡದಿಂದ ತುದಿಗೆ

ಲೈಬ್ರರಿಗಳೆಲ್ಲ ಬಂದವು, ತಂತ್ರಾಂಶ ಎದ್ದಿತು. ಆದರೆ ಪಕ್ಕದ ಮೇಜಿನ ಗಣಕದಲ್ಲಿ ಪುಟ ತೆರೆಯುತ್ತಿಲ್ಲ. ಈಗ ಏನು ಮಾಡಬೇಕು? ಅನುಭವವಿಲ್ಲದವರು ಕಂಡ ಕಂಡ ಗುಂಡಿಗಳನ್ನು ಒತ್ತುತ್ತಾರೆ. ಹೊಲಕ್ಕೆ ನೀರು ಬಾರದಿದ್ದಾಗ ಬಲ್ಲ ರೈತನು ಹಾಗೆ ಮಾಡುವುದಿಲ್ಲ. ಅವನು ಕಾಲುವೆಯ ಗುಂಟ ನಡೆಯುತ್ತಾನೆ. ತೂಬಿನಲ್ಲಿ ನೀರಿದೆಯೆ? ಇದೆ. ಕವಲಿನಲ್ಲಿ? ಇದೆ. ನೆರೆಯ ಹೊಲದ ಬದುವಿನಲ್ಲಿ? ಇಲ್ಲ. ಹಾಗಾದರೆ ದೋಷ ಈ ಎರಡು ಸ್ಥಳಗಳ ನಡುವೆಯೇ ಇದೆ. ಗಣಕದಲ್ಲಿಯೂ ಇದೇ ಕ್ರಮ.

ಮೊದಲು, ತಂತ್ರಾಂಶವು ನಿಜವಾಗಿಯೂ ನಡೆಯುತ್ತಿದೆಯೆ ಎಂದು ನೋಡಬೇಕು. ಎರಡನೆಯದಾಗಿ, ಅದು ಯಾವ ‘ಪೋರ್ಟ್’ನಲ್ಲಿ ಕಿವಿಗೊಟ್ಟಿದೆಯೆಂದು ವಿಚಾರಿಸಬೇಕು. ಪೋರ್ಟ್ ಎಂದರೆ ಒಂದು ದೊಡ್ಡ ಕಚೇರಿಯ ಕೋಣೆಯ ಸಂಖ್ಯೆಯಿದ್ದಂತೆ. ಸಾಮಾನ್ಯ ವೆಬ್ ಪುಟಗಳಿಗೆ 80, ಗುಪ್ತಲಿಪಿಯ ರಕ್ಷಣೆಯುಳ್ಳ ಪುಟಗಳಿಗೆ 443 ಎಂಬ ಸಂಖ್ಯೆಗಳು ಮೀಸಲಾಗಿವೆ. ಮೂರನೆಯದಾಗಿ, ಸರ್ವರ್‌ನಲ್ಲಿಯೇ ಕುಳಿತು ಪುಟವನ್ನು ಕೇಳಿ ನೋಡಬೇಕು. ಅಲ್ಲಿ ಸಿಕ್ಕಿ, ಪಕ್ಕದ ಯಂತ್ರದಲ್ಲಿ ಸಿಗದಿದ್ದರೆ, ತಂತ್ರಾಂಶವು 127.0.0.1 ಎಂಬ ವಿಳಾಸದಲ್ಲಿ ಮಾತ್ರ ಕಿವಿಗೊಟ್ಟಿರಬಹುದು. ಈ ವಿಳಾಸವು ಪ್ರತಿ ಗಣಕವೂ ತನ್ನನ್ನು ತಾನೇ ಕರೆದುಕೊಳ್ಳುವ ಹೆಸರು. ಮನೆಯೊಳಗೇ ಮಾತಾಡಿಕೊಂಡಂತೆ, ಬೀದಿಗೆ ಕೇಳದು. ಜಾಲದ ಇತರ ಯಂತ್ರಗಳಿಗೂ ಉತ್ತರಿಸುವಂತೆ ವಿಳಾಸವನ್ನು ಬದಲಾಯಿಸಿದರೆ ದೋಷ ಪರಿಹಾರವಾಗುತ್ತದೆ.

ದೋಷದ ಸಂದೇಶಗಳನ್ನು ಗಮನವಿಟ್ಟು ಓದುವುದು ಇಲ್ಲಿ ಅತ್ಯಗತ್ಯ. ‘ಸಂಪರ್ಕ ನಿರಾಕರಿಸಲಾಗಿದೆ’ ಎಂದು ಕೂಡಲೆ ಉತ್ತರ ಬಂದರೆ, ಸಾಮಾನ್ಯವಾಗಿ ಕರೆ ಸರ್ವರ್ ತನಕ ತಲಪಿದೆ, ಆದರೆ ಆ ಕೋಣೆಯಲ್ಲಿ ಯಾರೂ ಇಲ್ಲ ಎಂದರ್ಥ. ಬಹಳ ಹೊತ್ತು ಕಾದ ಮೇಲೆ ‘ಸಮಯ ಮೀರಿತು’ ಎಂದು ಬಂದರೆ, ಕರೆ ದಾರಿಯಲ್ಲೇ ಕಳೆದುಹೋಗಿದೆ. ರಕ್ಷಣಾ ಗೋಡೆಯನ್ನೋ ತಂತಿಯ ಜೋಡಣೆಯನ್ನೋ ಪರೀಕ್ಷಿಸಬೇಕು. 404 ಎಂಬ ಸಂಖ್ಯೆ ಬಂದರೆ ಸರ್ವರ್ ಸಿಕ್ಕಿದೆ, ಕೇಳಿದ ಪುಟ ಅಲ್ಲಿಲ್ಲ. 500 ಎಂದರೆ ತಂತ್ರಾಂಶದ ಒಳಗೇ ಎಡವಟ್ಟಾಗಿದೆ. 502 ಎಂದರೆ ಬಾಗಿಲಲ್ಲಿ ನಿಂತ ಸರ್ವರ್ ಸರಿಯಾಗಿದೆ, ಆದರೆ ಅದರ ಹಿಂದಿನ ತಂತ್ರಾಂಶದಿಂದ ತಕ್ಕ ಉತ್ತರ ಬರುತ್ತಿಲ್ಲ. ವೈದ್ಯನಿಗೆ ರೋಗಿಯ ನಾಡಿ ಹೇಗೋ, ತಂತ್ರಜ್ಞನಿಗೆ ಈ ಸಂಖ್ಯೆಗಳು ಹಾಗೆ. ಇವುಗಳ ಜೊತೆಗೆ ಪ್ರತಿ ಸರ್ವರ್ ತನ್ನಲ್ಲಿ ನಡೆದುದನ್ನು ‘ಲಾಗ್’ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಅದನ್ನು ಓದದೆ ದೋಷವನ್ನು ಊಹಿಸಹೊರಡುವುದು ಕಾಲಹರಣ.

ಇನ್ನೊಂದು ಬಗೆಯ ದೋಷ ಹೆಚ್ಚು ಮೋಸದ್ದು. ಪುಟ ಬರುತ್ತದೆ, ಆದರೆ ಪ್ರತಿ ಸಲವೂ ಹತ್ತು ಸೆಕೆಂಡು ತಡವಾಗಿ ಬರುತ್ತದೆ. ಯಂತ್ರ ನಿಧಾನವೆಂದು ಬಗೆದು ಹೊಸ ಯಂತ್ರವನ್ನೇ ಕೊಳ್ಳಲು ಹೊರಡುವವರೂ ಉಂಟು. ನಿಜವಾದ ಕಾರಣ ಬೇರೆ. ತಂತ್ರಾಂಶವು ಯಾವುದೋ ಯಂತ್ರದ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಬದಲಾಯಿಸಲು ಹೊರಗಿನ ಹೆಸರು-ಸೇವೆಯನ್ನು ಕೇಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 5 ಸೆಕೆಂಡು ಕಾಯುವುದು, ಎರಡು ಸಲ ಪ್ರಯತ್ನಿಸುವುದು ಪದ್ಧತಿ. ಉತ್ತರಿಸುವವರಿಲ್ಲದೆ ಹತ್ತು ಸೆಕೆಂಡು ವ್ಯರ್ಥವಾಗುತ್ತದೆ. ಬೇಕಾದ ಹೆಸರುಗಳನ್ನು ಸರ್ವರ್‌ನಲ್ಲಿಯೇ ಒಂದು ಚಿಕ್ಕ ಕಡತದಲ್ಲಿ ಬರೆದಿಟ್ಟರೆ ಈ ತಡ ಮಾಯವಾಗುತ್ತದೆ.

ಗಡಿಯಾರದ ಆಟ

ನಮ್ಮ ಕೈಯಲ್ಲಿರುವ ಮೊಬೈಲ್ ಸದಾ ಸರಿಯಾದ ವೇಳೆಯನ್ನು ತೋರಿಸುತ್ತದೆ. ಏಕೆಂದರೆ ಅದು ಆಗಾಗ ಹೊರಗಿನಿಂದ ವೇಳೆಯನ್ನು ಕೇಳಿ ತಿದ್ದಿಕೊಳ್ಳುತ್ತದೆ. ಒಂಟಿ ಸರ್ವರ್‌ಗೆ ಈ ಸೌಕರ್ಯವಿಲ್ಲ. ಅದು ತನ್ನೊಳಗಿನ ಸ್ಫಟಿಕದ ಕಂಪನವನ್ನು ನಂಬಬೇಕು. ಆ ಸ್ಫಟಿಕವು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೆ ದಿನಕ್ಕೆ ಸುಮಾರು 1.7 ಸೆಕೆಂಡು, ವರ್ಷಕ್ಕೆ ಸುಮಾರು 10 ನಿಮಿಷ ವ್ಯತ್ಯಾಸವಾಗುತ್ತದೆ. ಒಳಗಿನ ಚಿಕ್ಕ ಬ್ಯಾಟರಿ ಸತ್ತು, ವಿದ್ಯುತ್ತೂ ಹೋಗಿ ಬಂದರೆ, ಗಡಿಯಾರವು ಹಲವು ವರ್ಷಗಳಷ್ಟು ಹಿಂದಕ್ಕೆ ಹೋಗಿಬಿಡುತ್ತದೆ.

ಇದರಿಂದ ಎರಡು ಕೇಡುಗಳು. ರಕ್ಷಿತ ಪುಟಗಳು ‘ಸರ್ಟಿಫಿಕೇಟ್’ ಎಂಬ ಗುರುತುಪತ್ರವನ್ನು ತೋರಿಸುತ್ತವೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಸಲ್ಲುತ್ತದೆಯೆಂದು ಬರೆದಿರುತ್ತದೆ. ಗಡಿಯಾರ ಹಿಂದಿದ್ದ ಯಂತ್ರಕ್ಕೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲವೆಂದು ತೋರಿ, ಅದು ಸಂಪರ್ಕವನ್ನು ನಿರಾಕರಿಸುತ್ತದೆ. ಪತ್ರ ಸರಿಯಾಗಿದೆ, ತಂತ್ರಾಂಶ ಸರಿಯಾಗಿದೆ, ತಪ್ಪಿದ್ದು ದಿನಾಂಕ. ಎರಡನೆಯ ಕೇಡು ಇನ್ನೂ ದೊಡ್ಡದು. ಎರಡು ದ್ವಾರಗಳ ಅಳತೆಗಳನ್ನು ಎರಡು ತಪ್ಪು ಗಡಿಯಾರಗಳು ದಾಖಲಿಸಿದರೆ, ಯಾವ ನೀರು ಯಾವಾಗ ಹೋಯಿತೆಂಬ ಲೆಕ್ಕವೇ ಅರ್ಥಹೀನವಾಗುತ್ತದೆ. ಆದುದರಿಂದ ಒಳಜಾಲದಲ್ಲಿಯೇ ಒಂದು ಯಂತ್ರವನ್ನು ವೇಳೆಯ ಅಧಿಕಾರಿಯಾಗಿ ನೇಮಿಸಿ, ಉಳಿದವೆಲ್ಲವೂ ಅದನ್ನು ಅನುಸರಿಸುವಂತೆ ಮಾಡಬೇಕು. ಆ ಯಂತ್ರಕ್ಕೆ ಉಪಗ್ರಹಗಳಿಂದ ವೇಳೆಯನ್ನು ಪಡೆಯುವ ಗ್ರಾಹಕವನ್ನು ಜೋಡಿಸುವುದು ಉತ್ತಮ ಪದ್ಧತಿ.

ಕನ್ನಡದ ಅಕ್ಷರಗಳು ಎಲ್ಲಿ?

ಎಲ್ಲವೂ ಸರಿಹೋಗಿ ಪುಟ ತೆರೆಯಿತೆನ್ನೋಣ. ಅಲ್ಲಿ ‘ಶಹಾಪುರ ಶಾಖಾ ಕಾಲುವೆ’ ಎಂದಿರಬೇಕಾದಲ್ಲಿ ಸಾಲಾಗಿ ಚೌಕಗಳು ಕಾಣುತ್ತಿವೆ. ದತ್ತಾಂಶ ಕೆಟ್ಟಿತೆಂದು ಗಾಬರಿಯಾಗುವ ಕಾರಣವಿಲ್ಲ. ಗಣಕವು ಕನ್ನಡದ ಪ್ರತಿ ಅಕ್ಷರವನ್ನು ಯೂನಿಕೋಡ್ ಪದ್ಧತಿಯ ಒಂದು ಅಥವಾ ಹೆಚ್ಚು ಸಂಖ್ಯೆಗಳಾಗಿ ಕಾಪಾಡಿಕೊಂಡಿದೆ. ಸಂಖ್ಯೆ ಇದೆ, ಅದಕ್ಕೆ ರೂಪ ಕೊಡುವ ಅಚ್ಚಿಲ್ಲ. ಅಚ್ಚು ಎಂದರೆ ಫಾಂಟ್. ತಂತ್ರಜ್ಞನು ತನ್ನ ಪುಟದಲ್ಲಿ ಫಾಂಟನ್ನು ಅಂತರಜಾಲದ ಯಾವುದೋ ಭಂಡಾರದಿಂದ ತರುವಂತೆ ಬರೆದಿದ್ದನು. ಬೆಂಗಳೂರಿನಲ್ಲಿ ಬ್ರೌಸರ್ ಅದನ್ನು ತಂದುಕೊಟ್ಟಿತ್ತು. ಇಲ್ಲಿ ತರಲಾರದು. ಪುಟದ ಬಣ್ಣ, ಗುಂಡಿಗಳ ಚಿತ್ರ, ಊರಿನ ನಕ್ಷೆ ಇವುಗಳೂ ಹೀಗೆಯೇ ಕಾಣೆಯಾಗುತ್ತವೆ. ಫಾಂಟನ್ನೂ ನಕ್ಷೆಯನ್ನೂ ಸರ್ವರ್‌ನಲ್ಲಿಯೇ ಇಟ್ಟು, ಪುಟದಲ್ಲಿ ಆ ವಿಳಾಸವನ್ನು ಬರೆಯುವುದೇ ಪರಿಹಾರ. ಸರ್ವರ್‌ನ ಲೈಬ್ರರಿಗಳನ್ನು ಪಟ್ಟಿಮಾಡಿದವರು ಕೂಡ ಬ್ರೌಸರ್ ಕೇಳುವ ಈ ಸಾಮಗ್ರಿಗಳನ್ನು ಮರೆಯುವುದು ಸಾಮಾನ್ಯ.

ಹೊರಡುವ ಮುನ್ನವೇ ಪರೀಕ್ಷೆ

ಈ ವಿಘ್ನಗಳೆಲ್ಲಕ್ಕೂ ಮೂಲ ಒಂದೇ: ತಂತ್ರಾಂಶವು ತಾನು ಬೇಡುತ್ತಿರುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸಿಗುವವರೆಗೂ ಆ ಬೇಡಿಕೆ ನಮಗೆ ಕಾಣುವುದಿಲ್ಲ. ಅದನ್ನು ಕಾಣಲು ಅಗ್ಗವಾದ ಉಪಾಯವೊಂದಿದೆ. ಊರಿನಲ್ಲಿರುವಾಗಲೇ ಏನನ್ನೂ ಸ್ಥಾಪಿಸದ ಹೊಸ ಯಂತ್ರವೊಂದನ್ನು ತೆಗೆದುಕೊಂಡು, ಅದರ ಜಾಲದ ತಂತಿಯನ್ನು ಕಿತ್ತು, ಪೆನ್‌ಡ್ರೈವ್ ಒಂದರಿಂದಲೇ ತಂತ್ರಾಂಶವನ್ನು ಸ್ಥಾಪಿಸಿ ನೋಡಬೇಕು. ಇಲ್ಲಿ ಬಿದ್ದ ಎಡವು ಅಲ್ಲಿ ಬೀಳದು. ಸ್ಥಳದಲ್ಲಿ ದೋಷ ತಿದ್ದುವಾಗ ಒಮ್ಮೆಗೆ ಒಂದನ್ನೇ ಬದಲಿಸಿ, ಬದಲಿಸಿದುದನ್ನು ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಒಂಟಿ ಸರ್ವರ್‌ಗಳು ಕನ್ನಡನಾಡಿಗೆ ಹೊಸವಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಪ್ರತಿ ತಾಲೂಕಿನ ದತ್ತಾಂಶವು ಮೊದಲಿಗೆ ಆಯಾ ತಾಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇತ್ತು. ಇಂದು ಶಾಲೆಗಳಿಗೂ ಇದೇ ಮಾರ್ಗ ತೆರೆದಿದೆ. ಅಂಗೈಯಗಲದ ‘ರಾಸ್ಪ್‌ಬೆರಿ ಪೈ’ ಗಣಕದಲ್ಲಿ ‘ಕಿವಿಕ್ಸ್’ ಎಂಬ ತಂತ್ರಾಂಶವನ್ನೂ ವಿಕಿಪೀಡಿಯದ ಪ್ರತಿಯನ್ನೂ ತುಂಬಿಟ್ಟರೆ, ಕೊಂಕಲ್‌ನಂಥ ಗ್ರಾಮದ ಶಾಲೆಯ ಮಕ್ಕಳು ಅಂತರಜಾಲವಿಲ್ಲದ ದಿನವೂ ವಿಶ್ವಕೋಶವನ್ನು ಓದಬಹುದು.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಪೈಥಾನ್ ಇರುವ ಎರಡು ಗಣಕಗಳನ್ನು ಒಂದು ತಂತಿಯಿಂದ ಜೋಡಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ವಿಳಾಸ ಕೊಟ್ಟು, ಒಂದರಲ್ಲಿ ಪೈಥಾನ್‌ನೊಳಗೇ ಇರುವ ಚಿಕ್ಕ ವೆಬ್ ಸರ್ವರನ್ನು ನಡೆಸಿರಿ. ಅದು 8000 ಎಂಬ ಪೋರ್ಟ್‌ನಲ್ಲಿ ಕಿವಿಗೊಡುತ್ತದೆ. ಇನ್ನೊಂದರ ಬ್ರೌಸರಿನಿಂದ ಪುಟ ಕೇಳಿರಿ. ಬಂದ ಮೇಲೆ ಸರ್ವರನ್ನು ನಿಲ್ಲಿಸಿ ಒಮ್ಮೆ, ತಂತಿ ಕಿತ್ತು ಒಮ್ಮೆ, ಇಲ್ಲದ ಪುಟವನ್ನು ಕೇಳಿ ಒಮ್ಮೆ ನೋಡಿರಿ. ಮೂರು ಸಲವೂ ಬರುವ ಸಂದೇಶಗಳು ಬೇರೆ ಬೇರೆ. ಅವುಗಳ ಭೇದವನ್ನು ಒಂದು ಮಧ್ಯಾಹ್ನದಲ್ಲಿ ಕಲಿತವನು, ನಾಳೆ ಯಾವುದಾದರೂ ಕಾಲುವೆಯ ಕೊಠಡಿಯಲ್ಲಿ ಕತ್ತಲಾದ ತೆರೆಯ ಮುಂದೆ ಕುಳಿತಾಗ ಗುಂಡಿಗಳನ್ನು ಒತ್ತುತ್ತ ಕೂಡುವುದಿಲ್ಲ; ನೀರು ಎಲ್ಲಿಯವರೆಗೆ ಬಂದಿದೆಯೆಂದು ನೋಡುತ್ತ ನಡೆಯುತ್ತಾನೆ.